ಗೋಡೆ ಎಂದು ಕೂಗದ ದಿನ

ಆ ದಿನ ನಾನು ಕೂಗಲಿಲ್ಲ, ಪುಟ್ಟಿ. ಒಂದು ಸಲವೂ ಕೂಗಲಿಲ್ಲ.

ಹನ್ನೊಂದು ವರ್ಷದಿಂದ ನೀನು, ಟೀಮಿನ ಹುಡುಗಿಯರು, ನಿಮ್ಮ ಅವ್ವ — ಎಲ್ಲರೂ ಒಂದೇ ಮಾತನ್ನು ನಂಬಿಕೊಂಡು ಬಂದಿದ್ದೀರಿ. ಕ್ಯಾಪ್ಟನ್ ರೂಪಾ ಕೂಗಿ ಎಚ್ಚರಿಸಿದಳು, ಜನರ ಗದ್ದಲದಲ್ಲಿ ಪುಟ್ಟಲಕ್ಷ್ಮಿಗೆ ಕೇಳಿಸಲಿಲ್ಲ, ಹೋಗಿ ಗುದ್ದಿಕೊಂಡು ಮಂಡಿ ಹಾಳುಮಾಡಿಕೊಂಡಳು ಎಂದು. ಅದು ಸುಳ್ಳು. ನಾನು ಹುಟ್ಟಿಸಿದ ಸುಳ್ಳು. ನಿನ್ನ ದಾರಿಗೆ ಆ ಎತ್ತರದ ಹುಡುಗಿ ಬಂದು ನಿಂತದ್ದನ್ನು ನಾನು ನೋಡಿದೆ. ನೀನು ಅವಳ ಕಡೆಗೇ ಜಾರುತ್ತಿದ್ದದ್ದನ್ನೂ ನೋಡಿದೆ. ಒಂದು ಮಾತು ಕೂಗುವಷ್ಟು ಸಮಯ ಇತ್ತು. ಬಾಯಿ ತೆರೆದಿದ್ದೆ ಕೂಡ — ಮುಚ್ಚಿಕೊಂಡೆ.

ಇದನ್ನು ಎದುರಿಗೆ ಕೂತು ಹೇಳಬೇಕಿತ್ತು. ಎರಡು ವಾರದ ಹಿಂದೆ ಅರಕಲಗೂಡಿನಲ್ಲಿ ನೀನೇ ಕೇಳಿದಾಗ ಹೇಳಬೇಕಿತ್ತು. ಆಗಲೂ ನನ್ನ ಬಾಯಿ ಏನು ಮಾಡಿತು ಎಂದು ನಿನಗೆ ಗೊತ್ತು, ಗೊತ್ತಿಲ್ಲ ಕೂಡ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನಿನ್ನ ಗಂಡ ಓದಬೇಕು, ನಿನ್ನ ಶಾಲೆಯ ಹುಡುಗಿಯರೂ ಓದಬೇಕು. ಮತ್ತೆ, ನಿನಗೆ ಗೊತ್ತಿಲ್ಲದ್ದೂ ಒಂದಿದೆ — ನೀನು ಆಡುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು ನಿನ್ನನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೆ ಎನ್ನುವುದು.

ನೀನು ಬರುವ ಮೊದಲು ಹಾಸನದ ನಮ್ಮ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಎಂದರೆ ನಾನು. ಜಂಬಕ್ಕೆ ಹೇಳುತ್ತಿಲ್ಲ — ಇಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ, ಈ ಕಾಗದದಲ್ಲಾದರೂ ಸುಳ್ಳು ಬೇಡ. ಹೊಳೆನರಸೀಪುರದಲ್ಲಿ ಹೈಸ್ಕೂಲಿನಿಂದಲೇ ನನಗೆ ಚೆಂಡು ಸಿಕ್ಕರೆ ಅದು ಬುಟ್ಟಿಗೇ ಹೋಗುತ್ತಿತ್ತು. ಕಾಲೇಜಿಗೆ ಬಂದ ಎರಡನೇ ವರ್ಷಕ್ಕೇ ಕ್ಯಾಪ್ಟನ್ ಆದೆ. ಪಂದ್ಯದ ಮಾರನೇ ದಿನ ಜಿಲ್ಲೆಯ ಪೇಪರಿನ ಮೂಲೆಯಲ್ಲಿ ನನ್ನ ಫೋಟೋ ಬರುತ್ತಿತ್ತು. ಅಮ್ಮ ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸುತ್ತಿದ್ದಳು.

ಆದರೆ ನಾವು ಸೋಲುತ್ತಿದ್ದೆವು. ಅಷ್ಟೆಲ್ಲ ಬುಟ್ಟಿ ಹಾಕಿಯೂ ಸೋಲುತ್ತಿದ್ದೆವು. ಯಾಕೆಂದರೆ ಎದುರಿನವರು ಚೆಂಡು ಹಿಡಿದು ಬಂದರೆ ತಡೆಯುವವರು ಯಾರೂ ಇರಲಿಲ್ಲ. ನಾನಂತೂ ತಡೆಯುವ ಕೆಲಸವನ್ನು ಕೈಲಾಗದವರ ಕೆಲಸ ಎಂದುಕೊಂಡಿದ್ದೆ. ನಾನು ಹಾಕುವವಳು, ತಡೆಯುವುದು ಮಿಕ್ಕವರ ಪಾಡು.

“ರೂಪಾ, ನೀನು ಒಂದು ಬುಟ್ಟಿ ಹಾಕ್ತೀಯ, ವಾಪಸ್ ಬರೋವಾಗ ಎರಡು ಬಿಟ್ಟುಕೊಡ್ತೀಯ. ದಾನಶೂರೆ ಕಣಮ್ಮ ನೀನು,” ಎಂದು ಆಟ ಕಲಿಸುತ್ತಿದ್ದ ನಮ್ಮ ಪಿ.ಡಿ. ಸರ್ ಹಂಗಿಸುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಹಂಗಿಸಿದರೂ ಸರ್ ನನ್ನವರು ಎನ್ನುವ ಧೈರ್ಯ.

ಸರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು, ನಿನಗೂ ನೆನಪಿರುತ್ತದೆ. ಹೊರಗೆ ಎಲ್ಲೇ ಆಡಲಿ, ಗೆಲ್ಲಲಿ ಸೋಲಲಿ, ಬರುವಾಗ ದಾರಿಯಲ್ಲಿ ಎಲ್ಲರಿಗೂ ದೋಸೆ. ಮೊದಲು ಬಂದ ದೋಸೆಯನ್ನು ಸರ್ ತಾವೇ ತಟ್ಟೆ ಹಿಡಿದು, ಆ ದಿನ ಚೆನ್ನಾಗಿ ಆಡಿದವಳ ಮುಂದೆ ಇಡುತ್ತಿದ್ದರು. ಒಂದು ಮಾತಿಲ್ಲ, ಭಾಷಣವಿಲ್ಲ. ಅವಳು ಒಂದು ತುತ್ತು ಮುರಿದ ಮೇಲೆಯೇ ಮಿಕ್ಕವರು ತಿನ್ನಬೇಕು. ಎರಡು ವರ್ಷ ಆ ಮೊದಲ ದೋಸೆ ನನ್ನ ಮುಂದೆಯೇ ಬಂದಿತ್ತು. ನಗಬೇಡ. ನನಗೆ ಆ ದೋಸೆ ಕಪ್ಪಿಗಿಂತ ದೊಡ್ಡದಾಗಿತ್ತು.

ನಾನು ಕೊನೇ ವರ್ಷಕ್ಕೆ ಬಂದಾಗ ನೀನು ಬಂದೆ. ಶಾಂತಿಗ್ರಾಮದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ, ಮೊದಲ ವರ್ಷದ ಬಿ.ಎ. ಹುಡುಗಿ. ಗಿಡ್ಡ, ಗಟ್ಟಿಮುಟ್ಟು, ಎಣ್ಣೆ ಹಚ್ಚಿ ಬಿಗಿದ ಜಡೆ. ಆಡುವುದು ಕಬಡ್ಡಿ. ಆ ವರ್ಷ ಕಬಡ್ಡಿಗೆ ಏಳು ಜನ ಹುಡುಗಿಯರು ಕೂಡದೆ ಟೀಮೇ ಆಗಲಿಲ್ಲ, ಸುಮ್ಮನೆ ಯಾಕೆ ಕೂರುತ್ತೀಯ ಬಾ ಎಂದು ಸರ್ ನಿನ್ನನ್ನು ನಮ್ಮ ಕೋರ್ಟಿಗೆ ಕರೆತಂದರು. ನಾನು ಚೆಂಡು ಎಸೆದೆ. ನೀನು ಅದನ್ನು ಹಿಡಿದು ಮರ್ಯಾದೆಯಿಂದ ನನಗೇ ವಾಪಸ್ ಕೊಟ್ಟೆ.

“ಬಾಲ್ ಬ್ಯಾಡ ಕಣಕ್ಕ ನಂಗೆ. ಯಾರ್ನ ಇಡೀಬೇಕು ಅದನ್ನ ಏಳಿ.”

“ಈ ಆಟದಲ್ಲಿ ಹಿಡಿಯೋ ಹಾಗಿಲ್ಲಮ್ಮ. ಮುಟ್ಟೋ ಹಾಗೇ ಇಲ್ಲ,” ಅಂದರು ಸರ್.

“ಮುಟ್ಟಂಗೇ ಇಲ್ವಾ? ಮತ್ತೆ ಎಂಗ್ ಸಾ ತಡಿಯೋದು?”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ವಾರವೆಲ್ಲ ನೀನು ಎದುರಿಗೆ ಬಂದವರ ಸೊಂಟ ತಬ್ಬಿ ಹಿಡಿಯುತ್ತಿದ್ದೆ, ಸರ್ ಸೀಟಿ ಊದಿ ಊದಿ ಸುಸ್ತಾಗುತ್ತಿದ್ದರು. ಎರಡನೇ ವಾರ ಒಂದು ಸಂಜೆ ನೀನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಡತೊಡಗಿದೆ. ಬರೀ ಕಾಲಿನಲ್ಲಿ. ನಾನು ಬಲಕ್ಕೆ ನುಗ್ಗಿದರೆ ನೀನು ಆಗಲೇ ಅಲ್ಲಿರುತ್ತಿದ್ದೆ. ಎಡಕ್ಕೆ ಬಂದರೆ ಅಲ್ಲೂ. ಕಣ್ಣಿನಲ್ಲಿ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹಾರುವುದು ನನ್ನ ಹಳೇ ವಿದ್ಯೆ, ಜಿಲ್ಲೆಯಲ್ಲಿ ಅದಕ್ಕೆ ಮೋಸಹೋಗದವರಿರಲಿಲ್ಲ. ನೀನು ಮೋಸಹೋಗಲಿಲ್ಲ. ನನ್ನ ಚೆಂಡು ಆ ಸಂಜೆ ಒಂದು ಸಲವೂ ಬುಟ್ಟಿಯ ಹತ್ತಿರ ಹೋಗಲಿಲ್ಲ.

ಹೇಗೆ ಎಂದು ಸರ್ ಕೇಳಿದರು. ನೀನು ನಾಚಿಕೊಂಡು ಹೇಳಿದೆ, “ನಾನು ಅಕ್ಕನ ಕಣ್ಣೇ ನೋಡಕಿಲ್ಲ ಸಾ. ಕಣ್ಣು ಸುಳ್ಳೇಳ್ತವೆ. ಸ್ವಂಟ ಸುಳ್ಳೇಳಕಿಲ್ಲ.”

ಸರ್ ಆ ದಿನ ನಗಲಿಲ್ಲ. ಸುಮ್ಮನೆ ನಿನ್ನನ್ನೇ ನೋಡುತ್ತಾ ನಿಂತರು. ಅವರು ಹಾಗೆ ನನ್ನನ್ನು ಯಾವತ್ತೂ ನೋಡಿರಲಿಲ್ಲ.

ಮಾರನೇ ದಿನದಿಂದ ಅಭ್ಯಾಸವೇ ಬದಲಾಯಿತು. ಕಬಡ್ಡಿಯಲ್ಲಿ ಹಿಡಿಯುವವರು ಕೈ ಕೈ ಹಿಡಿದು ಸರಪಳಿಯಾಗಿ ಸರಿಯುತ್ತಾರಲ್ಲ, ಹಾಗೆ ನಮ್ಮ ಐದೂ ಜನರನ್ನು ಸರ್ ಕೈ ಹಿಡಿಸಿ ಕೋರ್ಟಿನ ತುಂಬ ಸರಿಸಿದರು. ಒಬ್ಬಳು ಮುಂದೆ ಹೋದರೆ ಪಕ್ಕದವಳ ಕೈ ಜಗ್ಗಬೇಕು. ಹದಿನೈದು ದಿನದ ಮೇಲೆ ಕೈ ಬಿಡಿಸಿದರು. ಕೈ ಬಿಟ್ಟರೂ ಜಗ್ಗುವುದು ಮಾತ್ರ ಗೊತ್ತಾಗುತ್ತಿತ್ತು. ಎದುರಿನವರು ಯಾರು ಎಲ್ಲಿಂದ ನುಗ್ಗಿದರೂ ನಾವು ಐದೂ ಜನ ಒಟ್ಟಿಗೆ ಸರಿಯುತ್ತಿದ್ದೆವು.

ಆಮೇಲೆ ಸ್ಕ್ರೀನಿನ ಪಾಠ. ಚೆಂಡಿರುವವಳನ್ನು ಕಾಯುವವಳ ಕಣ್ಣು ಅವಳ ಮೇಲೆಯೇ ಇರುತ್ತದೆ, ಅಡ್ಡಡ್ಡವಾಗಿ ಸರಿಯುವಾಗ ಪಕ್ಕಕ್ಕೆ ಏನಿದೆ ಎಂದು ಅವಳಿಗೆ ಕಾಣುವುದಿಲ್ಲ. ಎದುರು ಟೀಮಿನ ಇನ್ನೊಬ್ಬಳು ಸದ್ದಿಲ್ಲದೆ ಬಂದು ಆ ದಾರಿಯಲ್ಲಿ ಅಲುಗಾಡದೆ ನಿಂತುಬಿಡುತ್ತಾಳೆ. ಅದು ತಪ್ಪಲ್ಲ, ಆಟದಲ್ಲಿ ಇರುವುದೇ. ಕಾಯುವವಳು ಹೋಗಿ ಅವಳಿಗೆ ಗುದ್ದಿಕೊಳ್ಳಬಾರದೆಂದರೆ ಹಿಂದಿರುವ ನಮ್ಮವಳೇ ಕೂಗಿ ಹೇಳಬೇಕು. ಸರ್ “ಸ್ಕ್ರೀನ್ ಲೆಫ್ಟ್, ಸ್ಕ್ರೀನ್ ರೈಟ್” ಎಂದು ಕಲಿಸಿದರು. ನೀನು ಆಟದ ಬಿಸಿಯಲ್ಲಿ ಮರೆತು “ಅಕ್ಕಾ, ಗ್ವಾಡೆ! ಎಡಕ್ ಗ್ವಾಡೆ!” ಎಂದು ಕಿರುಚಿಬಿಟ್ಟೆ. ನಾನು ತಟ್ಟನೆ ನಿಂತೆ. ಗುದ್ದಿಕೊಳ್ಳಲಿಲ್ಲ. ಅಲ್ಲಿಂದ ನಮ್ಮ ಟೀಮಿನಲ್ಲಿ ಅದು ಗೋಡೆಯೇ ಆಯಿತು. ಸರ್ ಒಂದು ಕಟ್ಟುನಿಟ್ಟು ಮಾಡಿದರು. ಬುಟ್ಟಿ ತಪ್ಪಿದರೆ ಕ್ಷಮಿಸುತ್ತೇನೆ, ಚೆಂಡು ಕೈಜಾರಿದರೆ ಕ್ಷಮಿಸುತ್ತೇನೆ, ಗೋಡೆ ಕಂಡೂ ಕೂಗದವಳು ನನ್ನ ಟೀಮಿನಲ್ಲಿ ಬೇಡ.

ಚನ್ನರಾಯಪಟ್ಟಣದಲ್ಲಿ ಮೊದಲ ಪಂದ್ಯ. ಹಿಂದಿನ ವರ್ಷ ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದ ಟೀಮು. ಅವರಿಗೆ ಅರ್ಧ ಆಟದವರೆಗೆ ಬುಟ್ಟಿಯ ಹತ್ತಿರ ಬರುವುದಕ್ಕೇ ಆಗಲಿಲ್ಲ. ಗೋಡೆ, ಗೋಡೆ ಎಂದು ನಾವು ಕೂಗುತ್ತಿದ್ದರೆ ನೋಡುವವರೂ ನಮ್ಮ ಜೊತೆ ಕೂಗತೊಡಗಿದರು. ನಾನು ಎಂದಿನಂತೆ ಬುಟ್ಟಿ ಹಾಕಿದೆ, ಎಲ್ಲರಿಗಿಂತ ಹೆಚ್ಚೇ ಹಾಕಿದೆ. ನೀನು ಒಂದೂ ಹಾಕಲಿಲ್ಲ. ಬರುವಾಗ ಹೆದ್ದಾರಿಯ ಹೋಟೆಲಿನಲ್ಲಿ ಮೊದಲ ದೋಸೆ ಬಂತು. ನಾನು ಕೈ ತೊಳೆದುಕೊಂಡು ಬಂದು ಸಿದ್ಧವಾಗಿ ಕೂತಿದ್ದೆ. ಸರ್ ನನ್ನನ್ನು ದಾಟಿಕೊಂಡು ಹೋಗಿ ತಟ್ಟೆಯನ್ನು ನಿನ್ನ ಮುಂದೆ ಇಟ್ಟರು.

ನಿನಗೆ ಆ ಪದ್ಧತಿಯೇ ಗೊತ್ತಿರಲಿಲ್ಲ. ಅರ್ಧ ಮುರಿದು ನನ್ನ ಕಡೆಗೆ ಚಾಚಿದೆ — “ತಗಳಿ ಅಕ್ಕ, ನೀವೇ ಜಾಸ್ತಿ ಓಡಿದ್ದು.” ನನಗೆ ಹಸಿವಿಲ್ಲ ಎಂದೆ. ಎದ್ದುಹೋಗಿ ಇನ್ನೊಮ್ಮೆ ಕೈ ತೊಳೆದುಕೊಂಡೆ.

ಅಲ್ಲಿಂದ ನಾನು ನಿನ್ನನ್ನು ದ್ವೇಷಿಸಿದೆ ಎಂದರೆ ಸುಲಭವಾಗುತ್ತದೆ. ದ್ವೇಷವಲ್ಲ. ದ್ವೇಷವಿದ್ದಿದ್ದರೆ ನಿನಗೂ ಗೊತ್ತಾಗುತ್ತಿತ್ತು. ಇದು ಮತ್ಸರ, ಇದಕ್ಕೆ ನಗುವ ಮುಖ ಇರುತ್ತದೆ. ಮರುದಿನ ಬೆಳಗ್ಗೆಯೇ ಪಂದ್ಯವಿದ್ದರೆ ನಿಮ್ಮೂರಿನಿಂದ ಬರುವುದು ಕಷ್ಟ ಎಂದು ನಾನೇ ನಿನ್ನನ್ನು ಹೊಳೆನರಸೀಪುರಕ್ಕೆ ಕರೆದೊಯ್ಯುತ್ತಿದ್ದೆ. ಅಮ್ಮ ನಿನಗೆ ಮುದ್ದೆಯ ಮೇಲೆ ಮುದ್ದೆ ಬಡಿಸಿದರೆ ಅದಕ್ಕೂ ಉರಿಯುತ್ತಿತ್ತು. ನಿನ್ನ ಮಾತನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ, ನೀನೂ ನಗುತ್ತಿದ್ದೆ. ನೀನು ಖಾಲಿ ನಿಂತಿದ್ದರೂ ಚೆಂಡು ಕೊಡುತ್ತಿರಲಿಲ್ಲ, ಅದನ್ನು ನೀನು ಗಮನಿಸಲೂ ಇಲ್ಲ. ನಿನಗೆ ಚೆಂಡು ಬೇಕೇ ಇರಲಿಲ್ಲವಲ್ಲ. ಬೇಡವೆನ್ನುವವಳಿಂದ ಏನನ್ನು ಕಿತ್ತುಕೊಳ್ಳುವುದು? ನನಗೆ ಅದೇ ತಡೆಯಲಾಗುತ್ತಿರಲಿಲ್ಲ.

ಪೇಪರಿನಲ್ಲಿ ಆಗ ಐದೂ ಜನ ಕೈ ಚಾಚಿ ನಿಂತ ಫೋಟೋ ಬಂತು. ನಡುವೆ ನೀನು. ನಾನು ಅಂಚಿನಲ್ಲಿ, ಅರ್ಧ ಮುಖ. ಅಮ್ಮ ಅದನ್ನೂ ಕತ್ತರಿಸಿ ಅಂಟಿಸಿ, “ನಿಮ್ಮ ಪುಟ್ಟಿ ಎಷ್ಟು ಚೆನ್ನಾಗಿ ಬಂದವ್ಳೆ ನೋಡೇ,” ಅಂದಳು. ಇನ್ನೂ ಒಂದು ಇದೆ, ಅದು ಹೇಳಲು ಎಲ್ಲಕ್ಕಿಂತ ನಾಚಿಕೆ. ನಾನು ಚೆನ್ನಾಗಿ ಆಡತೊಡಗಿದ್ದೆ. ಜೀವನದಲ್ಲಿ ಮೊದಲ ಸಲ ತಡೆಯುವುದನ್ನು ಕಲಿತಿದ್ದೆ, ಸೊಂಟ ನೋಡುವುದನ್ನು ಕಲಿತಿದ್ದೆ. ಕಲಿಸಿದವಳು ನೀನು ಎನ್ನುವುದೇ ನನಗೆ ಮುಳ್ಳಾಗಿತ್ತು.

ಜಿಲ್ಲಾ ಮಟ್ಟದ ಫೈನಲ್ ಹಾಸನದ ಕ್ರೀಡಾಂಗಣದಲ್ಲಿ. ವಿಶ್ವವಿದ್ಯಾಲಯದ ಟೀಮಿಗೆ ಆಯ್ಕೆ ಮಾಡುವವರು ಬರುತ್ತಾರೆ ಎಂದು ಗೊತ್ತಿತ್ತು. ನಮ್ಮ ಕಾಲೇಜಿನಿಂದ ತೆಗೆದುಕೊಂಡರೆ ಒಬ್ಬಳನ್ನು. ನಿನಗೆ ಪೊಲೀಸ್ ಆಗಬೇಕಿತ್ತು. ಆ ಸರ್ಟಿಫಿಕೇಟ್ ಒಂದಿದ್ದರೆ ದಾರಿ ಸಲೀಸು ಎಂದು ಸರ್ ನಿಮ್ಮ ಅಪ್ಪನಿಗೆ ಹೇಳಿ ಹೇಳಿ ಒಪ್ಪಿಸಿದ್ದರು. ನನಗೆ ಏನಾಗಬೇಕೆಂದು ಗೊತ್ತಿರಲಿಲ್ಲ, ಆಯ್ಕೆಯಾಗಬೇಕು ಎಂದಷ್ಟೇ ಗೊತ್ತಿತ್ತು. ಹಿಂದಿನ ದಿನ ಅಭ್ಯಾಸ ಮುಗಿಸಿ ಬರುವಾಗ ಸರ್ ಸ್ಟಾಫ್ ರೂಮಿನಲ್ಲಿ ಯಾರಿಗೋ ಹೇಳುತ್ತಿದ್ದರು — “ಪುಟ್ಟಿದು ಗ್ಯಾರಂಟಿ ಕಣ್ರೀ. ಪಾಪ, ರೂಪಾಗೆ ಬೇಜಾರಾಗುತ್ತೆ.”

ಪಾಪ ಎಂದರು. ನನ್ನನ್ನು. ಮೂರು ವರ್ಷ ಅವರ ಟೀಮನ್ನು ಹೊತ್ತವಳನ್ನು — ಹಾಗೆಂದು ನಾನು ಅಂದುಕೊಂಡಿದ್ದೆ.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಇತ್ತು. ನಾವು ಮುಂದಿದ್ದೆವು. ಚೆಂಡು ಅವರ ಕೈಯಲ್ಲಿ, ನೀನು ಚೆಂಡು ಹಿಡಿದವಳನ್ನು ಕಾಯುತ್ತಾ ಎಡಕ್ಕೆ ಸರಿಯುತ್ತಿದ್ದೆ. ನಾನು ಕಾಯುತ್ತಿದ್ದದ್ದು ಆ ಎತ್ತರದ ಹುಡುಗಿಯನ್ನು. ಅವಳು ನನ್ನನ್ನು ಬಿಟ್ಟು ನಾಲ್ಕು ಹೆಜ್ಜೆ ಹೋಗಿ, ನಿನ್ನ ಎಡಕ್ಕೆ ಕಾಲು ಅಗಲಿಸಿ ನಿಂತಳು. ಕೂಗಬೇಕಾದವಳು ನಾನು, ಇನ್ಯಾರೂ ಅಲ್ಲ. ಬಾಯಿ ತೆರೆದೆ. ಆ ಕ್ಷಣಕ್ಕೆ ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಆಯ್ಕೆಗಾರರು ಕಂಡರು. ಮೂವರೂ ನಿನ್ನನ್ನೇ ನೋಡುತ್ತಿದ್ದರು. ಒಬ್ಬರು ಬರೆದುಕೊಳ್ಳುತ್ತಿದ್ದರು.

ಒಂದು ಸಲ — ಇವರ ಮುಂದೆ ಒಂದೇ ಒಂದು ಸಲ ನೀನು ಮೋಸಹೋಗಿ ಬೀಳಬೇಕು ಅನ್ನಿಸಿತು. ಅಷ್ಟೇ. ಬಾಯಿ ಮುಚ್ಚಿದೆ.

ಮಂಡಿ ಹಾಳಾಗಲಿ ಎಂದು ಬಯಸಿರಲಿಲ್ಲ. ಈ ಸಾಲನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ, ಯಾಕೆಂದರೆ ಇದು ನೆಪದ ಹಾಗೆ ಕೇಳುತ್ತದೆ. ನಿನ್ನ ಕಾಲಿಗೆ ಏನಾಗಬಹುದು ಎಂದು ನಾನು ಯೋಚಿಸಲೇ ಇಲ್ಲ. ನಿನ್ನ ಬಗ್ಗೆ ಯೋಚಿಸುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ನೀನು ಪೂರ್ತಿ ವೇಗದಲ್ಲಿ ಅವಳಿಗೆ ಗುದ್ದಿದೆ. ಮೈ ತಿರುಗಿತು, ಪಾದ ತಿರುಗಲಿಲ್ಲ.

ಎಲ್ಲರಿಗಿಂತ ಮೊದಲು ಓಡಿ ಬಂದವಳು ನಾನು. ನಿನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನೀನು ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು.

“ಅಕ್ಕ, ಕೂಗಿದ್ರಾ?”

“ಕೂಗಿದೆ ಕಣೇ. ನಿನಗೆ ಕೇಳಿಸಲಿಲ್ಲ.”

ಒಂದು ಗಳಿಗೆಯೂ ತಡೆಯಲಿಲ್ಲ ನಾನು. ಆ ಉತ್ತರ ನಾಲಿಗೆಯ ತುದಿಯಲ್ಲೇ ಕೂತಿತ್ತು.

“ಅಯ್ಯೋ, ತೆಪ್ಪಾಯ್ತಲ್ಲಕ್ಕ,” ಅಂದೆ ನೀನು. ನನ್ನ ಹತ್ತಿರ ಕ್ಷಮೆ ಕೇಳುವವಳ ಹಾಗೆ.

ಆ ಪಂದ್ಯ ಗೆದ್ದೆವು. ನೀನು ಕಲಿಸಿದ್ದನ್ನೇ ಹಿಡಿದುಕೊಂಡು ಮಿಕ್ಕ ನಾಲ್ವರು ತಡೆದೆವು, ನಿನ್ನ ಜಾಗಕ್ಕೆ ಬಂದವಳೂ ತಡೆದಳು. ಕೊನೆಯ ಬುಟ್ಟಿ ಹಾಕಿದವಳು ನಾನು. ಆಯ್ಕೆಯಾದವಳೂ ನಾನು. ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ ಸರ್ ಅಂದು ದೋಸೆ ಕೊಡಿಸಲಿಲ್ಲ, ಆಮೇಲೂ ನಮ್ಮ ಟೀಮಿಗೆ ಆ ಪದ್ಧತಿ ನಡೆಯಲಿಲ್ಲ. ವಿಶ್ವವಿದ್ಯಾಲಯದ ಟೀಮಿನಲ್ಲಿ ನನ್ನನ್ನು ಹೆಚ್ಚಾಗಿ ಬೆಂಚಿನ ಮೇಲೆಯೇ ಕೂರಿಸಿದರು. ಅಲ್ಲಿ ನನಗಿಂತ ಚೆನ್ನಾಗಿ ಬುಟ್ಟಿ ಹಾಕುವವರು ಸಾಲಾಗಿ ಇದ್ದರು; ಅವರಿಗೆ ಬೇಕಾಗಿದ್ದದ್ದು ನಿನ್ನಂಥವಳು. ಆದರೂ ಸರ್ಟಿಫಿಕೇಟ್ ಬಂತು. ಆ ಸರ್ಟಿಫಿಕೇಟಿನ ಬಲದಿಂದಲೇ ನನಗೆ ಕ್ರೀಡಾ ಮೀಸಲಾತಿಯಲ್ಲಿ ಈ ಸರ್ಕಾರಿ ಕೆಲಸ ಸಿಕ್ಕಿತು. ದಿನಾ ಬೆಳಗ್ಗೆ ಹಾಸನದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರುತ್ತೇನಲ್ಲ, ಆ ಕುರ್ಚಿ ಬಂದದ್ದು ಹೀಗೆ.

ನಿನ್ನ ಮಂಡಿಗೆ ಆಪರೇಷನ್ ಆಯಿತು. ನಡೆಯುವಷ್ಟಾಯಿತು, ಓಡುವಷ್ಟಾಗಲಿಲ್ಲ. ಪೊಲೀಸ್ ಕೆಲಸಕ್ಕೆ ಓಟದ ಪರೀಕ್ಷೆ ಇರುತ್ತದೆ, ನೀನು ಅರ್ಜಿಯನ್ನೇ ಹಾಕಲಿಲ್ಲ. ಒಮ್ಮೆ ಕಿತ್ತಳೆ ಹಣ್ಣು ಹಿಡಿದುಕೊಂಡು ನಿಮ್ಮೂರಿಗೆ ಬಂದಿದ್ದೆ. ನಿಮ್ಮ ಅವ್ವ ನನಗೆ ಕಾಫಿ ಕೊಟ್ಟು, ಪಕ್ಕಕ್ಕೆ ಕರೆದು ಹೇಳಿದರು, “ಕಿವಿ ತೋರಿಸ್ಕಂಡ್ ಬಂದ್ವಿ ಕಣವ್ವ. ಏನೂ ಇಲ್ಲ ಅಂದ್ಬುಟ್ರು ಡಾಕ್ಟ್ರು. ಇವ್ಳು ನಂಬಕಿಲ್ಲ. ಅಕ್ಕ ಅಷ್ಟ್ ಜೋರಾಗಿ ಕೂಗವ್ರೆ, ನಂಗ್ ಕೇಳ್ನಿಲ್ಲ ಅಂದ್ರೆ ಎಂಗೆ ಅಂತಾಳೆ.”

ಅಷ್ಟು ಜೋರಾಗಿ ಎಂದು ನಾನು ಹೇಳಿರಲಿಲ್ಲ. ಅದನ್ನು ನೀನೇ ಸೇರಿಸಿಕೊಂಡಿದ್ದೆ, ನನ್ನ ಮೇಲಿನ ನಂಬಿಕೆಯಿಂದ. ನಾನು ಕಾಫಿ ಕುಡಿದೆ. ಲೋಟವನ್ನು ತೊಳೆಯುವ ಕಲ್ಲಿನ ಮೇಲೆ ಇಟ್ಟೆ. ಬಸ್ಸು ಬರುತ್ತದೆ ಎಂದು ಹೇಳಿ ಎದ್ದುಬಂದೆ, ಮತ್ತೆ ನಿಮ್ಮೂರಿಗೆ ಕಾಲಿಡಲಿಲ್ಲ.

ನೀನು ಓದಿ ಟೀಚರ್ ಆದದ್ದು, ರುದ್ರಪಟ್ಟಣದ ಕಡೆಯ ಮನೆಗೆ ಮದುವೆಯಾದದ್ದು, ಅರಕಲಗೂಡಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾ ಸಂಜೆ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುವುದು — ಎಲ್ಲವನ್ನೂ ದೂರದಿಂದ ಕೇಳುತ್ತಿದ್ದೆ. ಎರಡು ವಾರದ ಹಿಂದೆ ನಿಮ್ಮ ಶಾಲೆಯ ಹೊಸ ಕೋರ್ಟಿನ ಉದ್ಘಾಟನೆಗೆ ನನ್ನನ್ನೇ ಮುಖ್ಯ ಅತಿಥಿ ಮಾಡಿದೆ. ಬರುವುದಿಲ್ಲ ಎನ್ನಲು ನೂರು ಕಾರಣ ಹುಡುಕಿದೆ, ಒಂದೂ ಬಾಯಿಗೆ ಬರಲಿಲ್ಲ. ಬಂದೆ. ಶಾಲು ಹೊದಿಸಿದಿರಿ. ನೀನು ಮೈಕಿನ ಮುಂದೆ ನಿಂತು ಹುಡುಗಿಯರಿಗೆ ಹೇಳಿದೆ.

“ಇವರೇ ನಮ್ಮ ಕ್ಯಾಪ್ಟನ್ ರೂಪಕ್ಕ. ನನ್ನ ಕಾಲು ಹೀಗಾಗಿದ್ದು ಇವರ ಮಾತು ಕೇಳಿಸಿಕೊಳ್ಳದೆ. ಇವರು ಕೂಗಿದ್ರು, ನಂಗೆ ಕೇಳ್ಸಲಿಲ್ಲ. ತಪ್ಪು ನಂದು. ನೀವು ಮಾತ್ರ ಕಿವಿ ಬಿಟ್ಕೊಂಡು ಆಡ್ಬೇಕು.”

ಅವರೆಲ್ಲ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಆಮೇಲೆ ಅವರು ಆಡಿದರು. ಕೈ ಕೈ ಹಿಡಿದು ಸರಿಯುವುದು, ಆಮೇಲೆ ಕೈ ಬಿಟ್ಟು ಸರಿಯುವುದು, ಗೋಡೆ ಗೋಡೆ ಎಂದು ಕೂಗುವುದು. ಎಂಟನೇ ಒಂಬತ್ತನೇ ಕ್ಲಾಸಿನ ಮಕ್ಕಳು, ನಮಗಿಂತ ಚೆನ್ನಾಗಿ ತಡೆಯುತ್ತಾರೆ. ನೋಡುತ್ತಾ ಕೂತ ನನಗೆ ಏನನ್ನಿಸಿತು ಹೇಳಲೇ? ಆಗಲೂ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ, ನಿನ್ನಿಂದ ಎಲ್ಲವನ್ನೂ ಕಸಿದುಕೊಂಡ ಮೇಲೂ — ನಿನ್ನ ಕೈಯಲ್ಲಿ ಇನ್ನೂ ಇಷ್ಟೊಂದು ಇದೆಯಲ್ಲ ಎಂದು.

ಕಾರ್ಯಕ್ರಮ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ನೀನು ಕುಂಟುತ್ತಾ ಜೊತೆಗೆ ಬಂದೆ. ನಾನು ಬಲಗಡೆಗೆ ಬಂದರೆ ನೀನು ಸುತ್ತಿ ಬಂದು ಎಡಗಿವಿಯನ್ನು ನನ್ನ ಕಡೆ ಮಾಡಿಕೊಳ್ಳುತ್ತಿದ್ದೆ. ಬಲಗಿವಿ ಸ್ವಲ್ಪ ಮಂದ ಎಂದೆ ನೀನು. ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಮನೆಯವರೆಲ್ಲ ಹಿಂದೆ ಕೂತರೆ ನೀನೊಬ್ಬಳೇ ಮುಂದಿನ ಸಾಲಿಗೆ ಹೋಗಿ ಕೂರುತ್ತೀಯಂತೆ. ಆಮೇಲೆ ನೀನೇ ಪಂದ್ಯದ ಮಾತು ತೆಗೆದೆ. ನಿನ್ನ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಬಂದಿದ್ದಾರೆ. ಹಾಸನಕ್ಕೆ ನೀನೇ ಕರೆದುಕೊಂಡು ಹೋಗು ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ. ನೀನು ಆಗುವುದಿಲ್ಲ, ಬೇರೆ ಯಾರಿಗಾದರೂ ಒಪ್ಪಿಸಿ ಎಂದುಬಿಟ್ಟಿದ್ದೀಯ.

“ಅಷ್ಟು ಗದ್ಲದಲ್ಲಿ ಮಕ್ಳು ಏನಾದ್ರೂ ಕೂಗಿ, ನಂಗೆ ಕೇಳ್ನಿಲ್ಲ ಅಂದ್ರೆ? ಯಾರ್ ಕಾಲಾದ್ರೂ ನನ್ ಕಾಲಿನಂಗಾದ್ರೆ? ಬ್ಯಾಡ ಕಣಕ್ಕ, ನಂಗೆ ಧೈರ್ಯ ಇಲ್ಲ.” ಬಸ್‌ಸ್ಟ್ಯಾಂಡ್ ಹತ್ತಿರವಾದಾಗ ಮತ್ತೆ ಕೇಳಿದೆ, “ಅಕ್ಕ, ಒಂದ್ ಮಾತು. ಅವತ್ತು ನೀವು ಒಂದ್ ಕಿತ ಕೂಗಿದ್ರಾ, ಎರಡ್ ಕಿತ ಕೂಗಿದ್ರಾ?”

ಒಂದು ಸಲವಾದರೆ ಗದ್ದಲದ ತಪ್ಪು, ಎರಡು ಸಲವಾದರೆ ನಿನ್ನ ಕಿವಿಯ ತಪ್ಪು. ಹನ್ನೊಂದು ವರ್ಷ ಅದನ್ನು ಲೆಕ್ಕ ಹಾಕಿಕೊಂಡು ಕೂತಿದ್ದೀಯ. ಬಸ್ಸು ಬಂದಿತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದೆ —

“ಎರಡು ಸಲ ಕಣೇ.”

ಯಾಕೆ ಹಾಗೆ ಹೇಳಿದೆ ಎಂದು ಕೇಳಬೇಡ. ಸುಳ್ಳಿಗೆ ಬಲ ಬರಲಿ ಎಂದೇ ಹೇಳಿರಬೇಕು. ನೀನು ತಲೆಯಾಡಿಸಿದೆ. ಬಸ್ಸು ಹೊರಟಾಗ ಕೈ ಬೀಸಿದೆ.

ಮೊನ್ನೆ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಈಗ ಹರದನಹಳ್ಳಿಯ ಕಡೆ ತೋಟ ನೋಡಿಕೊಂಡಿದ್ದಾರೆ. ಎಲ್ಲವನ್ನೂ ಹೇಳಿದೆ. ಅವರು ಹೇಳಿದ್ದನ್ನು ಇದ್ದಹಾಗೇ ಬರೆಯುತ್ತೇನೆ.

“ನನಗೆ ಅವತ್ತೇ ಅನುಮಾನ ಬಂದಿತ್ತಮ್ಮ. ನಾನು ಗೆರೆ ಪಕ್ಕದಲ್ಲೇ ನಿಂತಿದ್ದೆ, ನನಗೂ ಏನೂ ಕೇಳಿಸಿರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನೇ ಕೇಳಿದೆ, ರೂಪಾ ನಿಜವಾಗಲೂ ಕೂಗಿದಳಾ ಅಂತ. ಆ ಹುಡುಗಿ ನನ್ನ ಮೇಲೆ ಸಿಟ್ಟು ಮಾಡಿಕೊಂಡಳು. ‘ರೂಪಕ್ಕ ಕೂಗ್ದೆ ಇರಕಿಲ್ಲ ಸಾ, ಅಂಗೆಲ್ಲ ಅನ್ಬ್ಯಾಡಿ’ ಅಂದಳು. ನಾನು ಅಲ್ಲಿಗೆ ಬಿಟ್ಟೆ.” ಕೊನೆಗೆ, “ನನಗೆ ಹೇಳಿ ಏನು ಪ್ರಯೋಜನ? ಅವಳಿಗೆ ಹೇಳು,” ಎಂದು ಇಟ್ಟುಬಿಟ್ಟರು.

ನಿನ್ನ ಆ ಮಾತು ನನಗೆ ಗೊತ್ತೇ ಇರಲಿಲ್ಲ, ಪುಟ್ಟಿ. ನೀನು ಮಂಚದ ಮೇಲೆ ಕಾಲು ಕಟ್ಟಿಸಿಕೊಂಡು ಮಲಗಿ ಸರ್ ಮುಂದೆ ನನ್ನನ್ನು ಕಾಯುತ್ತಿದ್ದೆ. ನಾನು ಅದೇ ಹೊತ್ತಿನಲ್ಲಿ ಕಪ್ಪು ಹಿಡಿದುಕೊಂಡು ಫೋಟೋಕ್ಕೆ ನಿಂತಿದ್ದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಕೆಲಸ ಬಿಡುತ್ತೇನೆ ಎನ್ನುವಷ್ಟು ದೊಡ್ಡವಳೂ ನಾನಲ್ಲ, ಅದನ್ನೂ ತಿಳಿದುಕೋ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಈ ಶನಿವಾರ ನಾನೇ ಅರಕಲಗೂಡಿಗೆ ತಂದು ನಿನ್ನ ಕೈಗೆ ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಆಮೇಲೆ ನೀನು ಒಪ್ಪಿದರೆ ನಿನ್ನ ಹುಡುಗಿಯರ ಮುಂದೆ, ಅವರು ಚಪ್ಪಾಳೆ ತಟ್ಟಿದ ಅದೇ ಜಾಗದಲ್ಲಿ, ನಡೆದದ್ದನ್ನು ಹೇಳುತ್ತೇನೆ. ಒಪ್ಪದಿದ್ದರೆ ಹೆಡ್‌ಮಾಸ್ಟರಿಗಾದರೂ ಹೇಳಿಯೇ ಹೋಗುತ್ತೇನೆ. ನೀನು ನನ್ನ ಮುಖ ನೋಡುವುದಿಲ್ಲ ಎಂದರೆ ಅದೂ ಸರಿ.

ಅವತ್ತು ನಿನಗೆ ಏನೂ ಕೇಳಿಸಲಿಲ್ಲ, ಯಾಕೆಂದರೆ ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಡಾಕ್ಟರು ಹೇಳಿದ್ದೇ ನಿಜ, ನಿನ್ನ ಕಿವಿಗೆ ಯಾವತ್ತೂ ಏನೂ ಆಗಿಲ್ಲ. ಮಕ್ಕಳನ್ನು ಹಾಸನಕ್ಕೆ ನೀನೇ ಕರೆದುಕೊಂಡು ಹೋಗು.